ಗುಂಬಜದ ಸದ್ದು, ಪಡಸಾಲೆಯ ಮಾತು

ಗದಗಿನಿಂದ ಬಾಗಲಕೋಟೆಯ ಮಾರ್ಗವಾಗಿ ವಿಜಯಪುರಕ್ಕೆ ರೈಲಿನಲ್ಲಿ ಪಯಣ ಮಾಡಿದವರು ನಿಲ್ದಾಣದಲ್ಲಿ ಇಳಿದೊಡನೆ ತಲೆಯೆತ್ತಿ ನೋಡುವುದು ಗೋಲಗುಂಬಜವನ್ನೇ. ಈ ಸಲ ನಾವು ಆ ಊರಿಗೆ ಹೋದುದು ಅದನ್ನು ನೋಡುವುದಕ್ಕಲ್ಲ. ನಮ್ಮ ಮಗಳ ಮನೆಯಲ್ಲಿ ಬಿದ್ದಿದ್ದ ಒಂದು ತೊಡಕನ್ನು ಬಿಡಿಸುವುದಕ್ಕಾಗಿ ಬಬಲೇಶ್ವರಕ್ಕೆ ಹೊರಟಿದ್ದೆವು. ಆದರೆ ಬೆಳಗಿನ ಗಾಡಿ ಇಳಿದಾಗ ಮುಂದಿನ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಕಾಲು ತಾವಾಗಿಯೇ ಗುಂಬಜದ ಕಡೆಗೆ ತಿರುಗಿದವು. ಆ ತೊಡಕಿನ ಗಂಟು ಎಲ್ಲಿದೆಯೆಂಬುದು ನಮಗೆ ಅಲ್ಲಿಯೇ ಹೊಳೆಯಿತು.

ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ. ನಮ್ಮ ಕಿರಿಯ ಮಗಳನ್ನು ಬಬಲೇಶ್ವರದ ಒಂದು ಒಕ್ಕಲುತನದ ಮನೆಗೆ ಕೊಟ್ಟಿದೆ. ದ್ರಾಕ್ಷಿ ಹಾಗೂ ಒಣದ್ರಾಕ್ಷಿಯಲ್ಲಿ ನಾಲ್ಕು ಕಾಸು ಕಂಡ ಅಳಿಯಂದಿರು ಹೊಸ ಮನೆ ಕಟ್ಟಿಸಿದರು. ತಂದೆಯವರ ಮೇಲಿನ ಭಕ್ತಿಯಿಂದ ಅದರಲ್ಲಿ ಒಂದು ಕೋಣೆಯನ್ನು ಅವರ ಶ್ರವಣಕ್ಕೆಂದೇ ಮೀಸಲಿಟ್ಟರು. ನಮ್ಮ ಬೀಗರಿಗೆ ಎಪ್ಪತ್ತೆಂಟು ವಯಸ್ಸು. ಬೆಳಗಿನ ಜಾವ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ, ರಾತ್ರಿ ಊಟವಾದ ಮೇಲೆ ಮಲ್ಲಿಕಾರ್ಜುನ ಮನಸೂರರ ವಚನಗಾಯನ, ಇವೆರಡು ಇಲ್ಲದೆ ಅವರ ದಿನ ತುಂಬುವುದಿಲ್ಲ. ಸ್ವಾಮಿಗಳು ಟಿಕೋಟಾ ಭಾಗದ ಬಿಜ್ಜರಗಿಯಲ್ಲಿ ಹುಟ್ಟಿದವರು; 2023 ರ ಜನವರಿ 2 ರಂದು ಅವರು ಲಿಂಗೈಕ್ಯರಾದ ಮೇಲೆ ಧ್ವನಿಮುದ್ರಿಕೆಗಳೇ ಬೀಗರಿಗೆ ಗತಿ. ಆದುದರಿಂದ ಹೊಸ ಕೋಣೆಯ ನಾಲ್ಕು ಮೂಲೆಗಳಲ್ಲಿ, ಛತ್ತಿನ ಹತ್ತಿರ, ನಾಲ್ಕು ಸ್ಪೀಕರುಗಳನ್ನು ಕೂಡಿಸಿದರು. ನೆಲಕ್ಕೆ ಮುಖ ಕಾಣುವಂಥ ಟೈಲ್ಸು, ಗೋಡೆಗೆ ನುಣುಪಾದ ಪುಟ್ಟಿ, ಛತ್ತಿಗೆ ಬಿಳಿಯ ಪ್ಲಾಸ್ಟರು, ಒಂದು ಕಡೆ ದೊಡ್ಡ ಗಾಜಿನ ಕಿಟಕಿ. ವಾಸ್ತುಶಾಂತಿಯ ದಿನ ನೋಡಿದವರೆಲ್ಲರೂ ಹೊಗಳಿದರು; ನಾವೂ ಹೊಗಳಿದೆವು.

ಬೀಗರು ಆ ಕೋಣೆಯಲ್ಲಿ ಒಂದು ವಾರ ಕುಳಿತರು. ಮಾತು ತಿಳಿಯುವುದಿಲ್ಲವೆಂದರು. ಅಳಿಯಂದಿರು ಸದ್ದು ಹೆಚ್ಚಿಸಿದರು. ಇನ್ನೂ ತಿಳಿಯುವುದಿಲ್ಲವೆಂದರು. ಕಿವಿ ಮಂದವಾಗಿದೆಯೆಂದು ಬಗೆದು ನಗರಕ್ಕೆ ಕರೆದೊಯ್ದು ಕಿವಿಯ ಯಂತ್ರ ಹಾಕಿಸಿದರು. ಅದನ್ನು ತೊಟ್ಟು ಆ ಕೋಣೆಯಲ್ಲಿ ಕುಳಿತರೆ ತಲೆಯೊಳಗೆ ಡೊಳ್ಳು ಬಡಿದಂತಾಗುತ್ತದೆಂದು ತೆಗೆದಿಟ್ಟರು. ಮಾತಿಗೆ ಮಾತು ಬೆಳೆಯಿತು. ಒಂದು ಬೆಳಗ್ಗೆ ಕೈಕೋಲು ಹಿಡಿದು ಬಸ್ಸು ಹತ್ತಿ ಟಿಕೋಟಾಕ್ಕೆ, ತಮ್ಮನ ಹಳೆಯ ಮನೆಗೆ ಹೋದವರು ನಾಲ್ಕು ತಿಂಗಳಾದರೂ ಹಿಂದಿರುಗಲಿಲ್ಲ. ಹೊಸ ಮನೆ ಬಂದೊಡನೆ ಸೊಸೆ ಮಾವನನ್ನು ಹೊರಗೆ ಹಾಕಿದಳೆಂದು ಊರು ಆಡಿಕೊಂಡಿತು. “ಅಪ್ಪಾ, ನಂದೇನು ತಪ್ಪೈತಿ ನೀವs ಹೇಳ್ರಿ” ಎಂದು ಮಗಳು ಫೋನಿನಲ್ಲಿ ಅತ್ತ ಮೇಲೆ ನಾವು ಹೊರಡದಿರಲಾಗಲಿಲ್ಲ.

ಗೋಲಗುಂಬಜವು ಮುಹಮ್ಮದ ಆದಿಲಶಹನ ಗೋರಿ. 1656 ರಲ್ಲಿ ಅವನು ತೀರಿಕೊಂಡಾಗ ಕಟ್ಟಡವು ಬಹುಮಟ್ಟಿಗೆ ಮುಗಿದಿತ್ತು. ಒಳಗಿನ ಚೌಕವು ಒಂದೊಂದು ಬದಿಗೆ 135 ಅಡಿಗಿಂತ ತುಸು ಹೆಚ್ಚು. ನಡುವೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಹಾದುಹೋಗುವ ಕಮಾನುಗಳ ಮೇಲೆ ಇಟ್ಟಿಗೆ ಗಾರೆಯ ಗುಮ್ಮಟವು ಕುಳಿತಿದೆ. ಮೂಲೆಯ ಏಳಂತಸ್ತಿನ ಮಿನಾರಿನೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಮೊಳಕಾಲು ಹಿಡಿದುಕೊಂಡು ಏರಿದರೆ ಗುಮ್ಮಟದ ಬುಡದಲ್ಲಿ ಒಳಸುತ್ತಿನ ಜಗಲಿ ದೊರೆಯುತ್ತದೆ. ಹನ್ನೊಂದು ಅಡಿ ಅಗಲ. ಅಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಏಳರಿಂದ ಹತ್ತು ಸಲ ಮರುದನಿ ಬರುವುದೆಂಬುದು ಲೋಕಪ್ರಸಿದ್ಧ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರುಬದಿಯಲ್ಲಿ ಗೋಡೆಗೆ ಕಿವಿಯಿಟ್ಟವನಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಈ ಪಿಸುಮಾತಿನ ಪಯಣವನ್ನು ವಿಜ್ಞಾನಿಗಳು ಬಲು ಶ್ರದ್ಧೆಯಿಂದ ವಿಚಾರಿಸಿದ್ದಾರೆ. ಸದ್ದು ಬಾಗಿದ ಗೋಡೆಯನ್ನು ಅಪ್ಪಿಕೊಂಡು ಅದರ ಗುಂಟ ಸಾಗುವುದೆಂದು ಇಂಗ್ಲಂಡಿನ ಲಾರ್ಡ್ ರೇಲಿ ತೋರಿಸಿದರು. ನಮ್ಮ ಸಿ. ವಿ. ರಾಮನ್ನರು 1921 ರಲ್ಲಿ ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಜಗಲಿಯಲ್ಲಿ ಪ್ರಯೋಗ ನಡೆಸಿ, ಮರುವರ್ಷ ಭಾರತದ ಇಂಥ ಕಟ್ಟಡಗಳ ವಿಷಯವಾಗಿ ಬರೆದ ಲೇಖನದಲ್ಲಿ ನಮ್ಮ ಗೋಲಗುಂಬಜವನ್ನೂ ಸೇರಿಸಿದರು.

ನಾವು ಹೋದಾಗ ಜಗಲಿಯ ಮೇಲೆ ಒಂದು ಶಾಲೆಯ ಮಕ್ಕಳ ತಂಡವಿತ್ತು. ಅವರ ಗುರುಗಳು ಗುಂಬಜದ ಇತಿಹಾಸವನ್ನು ಹೇಳತೊಡಗಿದರು. ಹತ್ತು ಹೆಜ್ಜೆ ದೂರದಲ್ಲಿದ್ದ ನಮಗೆ ಒಂದು ವಾಕ್ಯವೂ ತಿಳಿಯಲಿಲ್ಲ! ಒಂದು ಶಬ್ದದ ಬೆನ್ನ ಮೇಲೆ ಹಿಂದಿನ ಶಬ್ದದ ಮರುದನಿ ಬಂದು ಕೂಡುತ್ತಿತ್ತು. ಗುರುಗಳು ದನಿಯೇರಿಸಿದರು, ಮರುದನಿಯೂ ಅಷ್ಟೇ ಏರಿತು. ಮಕ್ಕಳಲ್ಲಿ ಹಿಂದೆ ನಿಂತವರು ಮುಖಮುಖ ನೋಡಿದರು. ಆಗ ನಮ್ಮ ಬೀಗರ ಮುಖವು ನಮ್ಮ ಕಣ್ಣ ಮುಂದೆ ಬಂತು. ಆ ಹುಡುಗರಿಗೆ ಕಿವಿ ಮಂದವೆಂದು ಯಾರೂ ಯಂತ್ರ ಹಾಕಿಸಲಿಲ್ಲವಷ್ಟೆ.

ಕೆಳಗಿಳಿದು ಊರೊಳಗೆ ಬಾರಾ ಕಮಾನಿಗೆ ಹೋದೆವು. ಎರಡನೆಯ ಅಲಿ ಆದಿಲಶಹನ ಈ ಗೋರಿಯು ಅರ್ಧಕ್ಕೇ ನಿಂತುಹೋದುದರಿಂದ ಬರಿಯ ಕಮಾನುಗಳು, ಮೇಲೆ ಆಕಾಶ. ಇಲ್ಲಿ ಇಬ್ಬರು ಮುದುಕರು ಕಲ್ಲಿನ ಮೇಲೆ ಕುಳಿತು ಜೋಳದ ಧಾರಣೆಯ ಮಾತಾಡುತ್ತಿದ್ದರು. ಸಾಕಷ್ಟು ದೂರದಿಂದಲೇ ಒಂದೊಂದು ಮಾತೂ ನಮಗೆ ಕೇಳಿಸಿತು. ಛತ್ತಿಲ್ಲದಲ್ಲಿ ಸದ್ದು ಮುಗಿಲಿಗೆ ಹೋಗುತ್ತದೆ, ಹಿಂದಿರುಗುವುದಿಲ್ಲ. ತೆರೆದ ಕಿಟಕಿಯೂ ಹಾಗೆಯೇ. ಸದ್ದಿನ ಶಾಸ್ತ್ರದಲ್ಲಿ ಹೀರಿಕೆಯನ್ನು ಮೊದಲು ಅಳೆದುದೂ ತೆರೆದ ಕಿಟಕಿಯ ಲೆಕ್ಕದಲ್ಲಿಯೇ. ಇಂಥ ವಸ್ತುವಿನ ಇಷ್ಟು ಚದರಡಿಯು ಎಷ್ಟು ಚದರಡಿಯ ತೆರೆದ ಕಿಟಕಿಗೆ ಸಮ ಎಂಬುದು ಅದರ ಕ್ರಮ.

ನೇರವಾಗಿ ಬಬಲೇಶ್ವರಕ್ಕೆ ಹೋಗುವುದನ್ನು ಬಿಟ್ಟು ಮೊದಲು ಟಿಕೋಟಾಕ್ಕೆ ಹೋಗಿ ಬೀಗರನ್ನೇ ಕಾಣುವುದೆಂದು ಗೊತ್ತುಮಾಡಿ ಅಥಣಿಯ ದಾರಿ ಹಿಡಿದೆವು. ಈ ದಾರಿಯಲ್ಲಿ ಮೊದಲು ತೊರವಿ ಸಿಕ್ಕುತ್ತದೆ. ಎರಡನೆಯ ಇಬ್ರಾಹಿಮ ಆದಿಲಶಹನು 1599 ರಲ್ಲಿ ನವರಸಪುರವೆಂಬ ಹೊಸ ಪಟ್ಟಣವನ್ನು ಕಟ್ಟತೊಡಗಿದ್ದು ಇಲ್ಲಿಯೇ. ಸಂಗೀತದ ಹುಚ್ಚಿನ ಈ ಅರಸನು ದಖನಿಯಲ್ಲಿ ‘ಕಿತಾಬ-ಇ-ನವರಸ’ವೆಂಬ ಗೇಯಗಳ ಗ್ರಂಥವನ್ನೇ ಬರೆದನು, ಸರಸ್ವತಿ ಗಣಪತಿಯರ ಸ್ತುತಿಯು ಅದರಲ್ಲುಂಟು. 1624 ರಲ್ಲಿ ಮಲಿಕ ಅಂಬರನ ದಂಡು ಆ ಪಟ್ಟಣವನ್ನು ಹಾಳುಗೆಡವಿತು. ಉಳಿದುದರಲ್ಲಿ ಸಂಗೀತ ಮಹಲೆಂದು ಜನರು ಕರೆಯುವ ಕಟ್ಟಡವೊಂದು. ಅಗಲವಾದ ನಡುಗಮಾನು, ಮುಂದೆ ಬಯಲು. ಅದರ ಮುಂದೆ ನಿಂತು ನಾವು ಕೈತಟ್ಟಿ ನೋಡಿದೆವು. ಸದ್ದು ಚೊಕ್ಕಟವಾಗಿ ಎದ್ದು ಚೊಕ್ಕಟವಾಗಿ ಅಡಗಿತು. ಛತ್ತುಗಳು ಬಿದ್ದ ಇಂದಿನ ಅವಶೇಷದಿಂದ ಅಂದಿನ ಗಾನವನ್ನು ಊಹಿಸುವುದು ಸರಿಯಲ್ಲವಾದರೂ, ಗೋರಿ ಕಟ್ಟಿದ ಮಗನಿಗಿಂತ ಹಾಡು ಕಟ್ಟಿದ ತಂದೆಯ ಕಡೆಗೇ ನಮ್ಮ ಒಲವು.

ಟಿಕೋಟಾ ಈಗ ತಾಲೂಕಿನ ಊರು, ಬಬಲೇಶ್ವರವೂ ಹಾಗೆಯೇ. ಆದರೂ ಬಸ್ಸಿನ ನಿಲ್ದಾಣದ ಗದ್ದಲವನ್ನು ದಾಟಿ ಒಳ ಓಣಿಗಳಿಗೆ ಹೊಕ್ಕರೆ ಹಳೆಯ ಮನೆಗಳು ಇನ್ನೂ ಇವೆ. ಬೀಗರ ತಮ್ಮಂದಿರದು ಅಂಥದೊಂದು ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣಿನ ಮೇಲ್ಮುದ್ದೆ, ನಡುವೆ ಬೆಳಕಿಂಡಿ. ಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನ ಕಟ್ಟುವ ಅಂಕಣ, ಎರಡು ಮೆಟ್ಟಿಲು ಏರಿದರೆ ಪಡಸಾಲೆ. ಅಲ್ಲಿ ಕಂಬಕ್ಕೊರಗಿ, ಅಂಗೈಯಷ್ಟಗಲದ ರೇಡಿಯೋ ಒಂದನ್ನು ಮಗ್ಗುಲಿಗಿಟ್ಟುಕೊಂಡು ನಮ್ಮ ಬೀಗರು ಪ್ರವಚನವನ್ನು ಕೇಳುತ್ತಿದ್ದರು. ಅದಕ್ಕೊಂದು ಸಣ್ಣ ಚೀಟಿಯಂಥದನ್ನು ಸಿಕ್ಕಿಸಿದರೆ ಮುದ್ರಿಸಿದ ಮಾತೆಲ್ಲ ಬರುತ್ತದಂತೆ. ಸದ್ದು ಎಷ್ಟು ಸಣ್ಣದೆಂದರೆ ಎಮ್ಮೆ ಮೆಲುಕು ಹಾಕುವುದೂ ಜತೆಗೆ ಕೇಳಿಸುತ್ತಿತ್ತು. ಸ್ವಾಮಿಗಳ ಮೆಲ್ಲನೆಯ ಮಾತು ಒಂದಕ್ಷರವೂ ಜಾರದಂತೆ ನಮಗೂ ಕೇಳಿಸಿತು.

“ನೋಡ್ರಿ ಬೀಗರ, ನನಗ ಕಿವಿ ಇಲ್ಲಂತಾರ ಅವರು” ಎಂದರು. “ಕಿವಿ ಅದಾವ. ಅಲ್ಲಿ ಗೋಡಿ ಒದರತಾವ. ಗೋಡಿ ಒದರಾಕ ಹತ್ತಿದರ ಅಪ್ಪಗೋಳ ಮಾತು ಹ್ಯಾಂಗ ತಿಳೀಬೇಕು?”

ಗ್ರಂಥಗಳಲ್ಲಿ ಪುಟಗಟ್ಟಲೆ ಬರೆದುದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಸದ್ದು ಸೆಕೆಂದಿಗೆ ಸುಮಾರು 1130 ಅಡಿ ಸಾಗುತ್ತದೆ. ಗುಮ್ಮಟದ ಒಳವ್ಯಾಸವು ಸುಮಾರು 124 ಅಡಿ. ಹೋಗಿ ಬರಲು ಸೆಕೆಂದಿನ ಐದನೆಯ ಒಂದಂಶಕ್ಕಿಂತ ಹೆಚ್ಚು ಹೊತ್ತು ಬೇಕು. ಆದುದರಿಂದ ಮರುದನಿಯು ಬೇರೆಯಾಗಿ ಕೇಳಿಸುತ್ತದೆ, ನಾವು ಬೆರಗಾಗುತ್ತೇವೆ. ಹದಿನಾರು ಅಡಿಯ ಕೋಣೆಯಲ್ಲಿ ಅದು ಸೆಕೆಂದಿನ ನೂರರಲ್ಲಿ ಮೂರಂಶದೊಳಗೇ ಮರಳಿಬಿಡುತ್ತದೆ. ಕಿವಿಗೆ ಅದನ್ನು ಬೇರ್ಪಡಿಸಲಾಗದು. ಆದರೆ ಅದು ಅಲ್ಲಿಗೇ ನಿಲ್ಲದೆ ಗೋಡೆಯಿಂದ ಗೋಡೆಗೆ ನೂರು ಸಲ ತಾಕಲಾಡಿ ನಿಧಾನವಾಗಿ ಸಾಯುತ್ತದೆ. ನಾವು ಸೆಕೆಂದಿಗೆ ನಾಲ್ಕೈದು ಅಕ್ಷರಗಳನ್ನು ಆಡುತ್ತೇವಷ್ಟೆ. ಸದ್ದು ಸಾಯಲು ಎರಡು ಸೆಕೆಂದು ಹಿಡಿದರೆ ಪ್ರತಿಯೊಂದು ಅಕ್ಷರದ ಮೇಲೂ ಹಿಂದಿನ ಎಂಟು ಹತ್ತು ಅಕ್ಷರಗಳ ಧೂಳು ಬೀಳುತ್ತಿರುತ್ತದೆ. ಕನ್ನಡಕ್ಕಂತೂ ಇದರಿಂದ ಹೆಚ್ಚಿನ ಹಾನಿ. ನಮ್ಮ ಮಾತಿನ ಜೀವವೆಲ್ಲ ಕೊನೆಯಲ್ಲಿ. ಆಗುತ್ತದೆಯೋ ಆಗುವುದಿಲ್ಲವೋ ಎಂಬುದು ವಾಕ್ಯದ ಬಾಲದಲ್ಲಿ, ದನಿ ಇಳಿಯುವಾಗ ಬರುತ್ತದೆ. ಆ ಬಾಲವೇ ಮುಳುಗಿದರೆ ಪ್ರವಚನವು ತಲೆಕೆಳಗಾದಂತೆಯೇ. ಎಳೆಯರ ಕಿವಿ ಇಂಥ ಗದ್ದಲದೊಳಗಿಂದಲೂ ಮಾತನ್ನು ಹೇಗೋ ಹೆಕ್ಕಿಕೊಳ್ಳುತ್ತದೆ. ವಯಸ್ಸಾದವರಿಗೆ ಅದು ಕಠಿಣ. ಸದ್ದು ಹೆಚ್ಚಿಸಿದರೆ ಮಾತಿನೊಡನೆ ಧೂಳೂ ಅಷ್ಟೇ ಹೆಚ್ಚುತ್ತದೆ. ಕಿವಿಯ ಯಂತ್ರವೂ ಇವೆರಡನ್ನೂ ಕೂಡಿಯೇ ದೊಡ್ಡದು ಮಾಡುತ್ತದೆ.

ಹಾಗಾದರೆ ಟಿಕೋಟಾದ ಪಡಸಾಲೆಯಲ್ಲಿ ಏನಿತ್ತು? ಮಣ್ಣಿನ ಗೋಡೆಯೇ ಸದ್ದನ್ನೆಲ್ಲ ನುಂಗುತ್ತದೆಂದು ಕೆಲವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಸಾರಿಸಿ ನುಣುಪು ಮಾಡಿದ ಮಣ್ಣು ನುಂಗುವುದು ಸ್ವಲ್ಪವೇ. ನುಂಗುತ್ತಿದ್ದವು ಬೇರೆ. ಒಂದು ಕಡೆ ದನದ ಅಂಕಣ, ಅದರಾಚೆ ತೆರೆದ ಬಾಗಿಲು, ಮೇಲೆ ಬೆಳಕಿಂಡಿ. ಸದ್ದಿಗೆ ಓಡಿಹೋಗಲು ಎಷ್ಟು ದಾರಿ! ಗೋಡೆಯಗುಂಟ ಒಂದರ ಮೇಲೊಂದು ಒಟ್ಟಿದ ಜೋಳದ ಚೀಲಗಳು. ತೊಲೆಗೆ ಇಳಿಬಿಟ್ಟ ಬಿದಿರಿನ ಗಳದ ಮೇಲೆ ಏಳೆಂಟು ಕೌದಿಗಳು. ನೆಲದ ಮೇಲೆ ಜಮಖಾನೆ, ಗಾದಿ, ಲೋಡು. ಜಂತಿಗಳ ಸಾಲಿನಿಂದಾಗಿ ಛತ್ತಿನಲ್ಲಿ ಸಮವಾದ ಜಾಗವೇ ಇಲ್ಲ. ಸದ್ದು ಬಡಿದರೆ ನೇರವಾಗಿ ಮರಳದೆ ಚೆದರಿಹೋಗುತ್ತದೆ. ಇದನ್ನು ಯಾರೂ ಸದ್ದಿಗಾಗಿ ಮಾಡಿದ್ದಲ್ಲ. ಬಾಳುವೆಗೆ ಬೇಕಾದ ಸಾಮಾನು ಅಲ್ಲಿತ್ತು, ಅದು ತಾನಾಗಿಯೇ ಈ ಕೆಲಸವನ್ನೂ ಮಾಡುತ್ತಿತ್ತು. ಹೊಸ ಮನೆಯಲ್ಲಿ ಚೀಲಗಳು ಗೋದಾಮಿಗೆ ಹೋದವು, ಕೌದಿಗಳು ಕಪಾಟಿನೊಳಗೆ ಅಡಗಿದವು, ಜಮಖಾನೆಯನ್ನು ಸುತ್ತಿಟ್ಟರು, ಕಿಟಕಿಗೆ ಗಾಜು ಬಿತ್ತು.

ಅಂದು ಸಂಜೆ ಬಲು ಹೊತ್ತು ಬೀಗರೊಡನೆ ಮಾತಾಡಿದೆವು. ಕೋಣೆಯ ದೋಷವನ್ನು ತಿದ್ದಿದರೆ ಬರುತ್ತೀರಾ ಎಂದು ಕೇಳಿದಾಗ ಕೂಡಲೆ ಉತ್ತರ ಕೊಡಲಿಲ್ಲ. ಮಗ ಅಷ್ಟೊಂದು ಖರ್ಚು ಮಾಡಿದ್ದನ್ನು ಹಳಿದಂತಾಯಿತಲ್ಲ ಎಂಬ ಸಂಕೋಚವೇ ಅವರನ್ನು ದೂರ ಇಟ್ಟಿತ್ತೆಂದು ನಮಗೆ ತಿಳಿದುದು ಆಗ. ಸೊಸೆಯ ಮೇಲೆ ಅವರಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಊರಿನ ಮಾತನ್ನು ಹೇಳಿದೆವು. ಅವರ ಮುಖ ಸಣ್ಣದಾಯಿತು. “ಆ ಕೂಸಿನ ಮ್ಯಾಲ ಹೇಳತಾರೇನು?” ಎಂದು ಎದ್ದು ಕೋಲು ಹುಡುಕತೊಡಗಿದರು. ಆ ರಾತ್ರಿಯೇ ಹೊರಡುವುದನ್ನು ತಡೆಯಲು ಅವರ ತಮ್ಮಂದಿರು ಬಹಳ ಹೇಳಬೇಕಾಯಿತು. ಮರುದಿನ ಒಳದಾರಿಯಿಂದ ದ್ರಾಕ್ಷಿಯ ತೋಟಗಳ ನಡುವೆ ಬಬಲೇಶ್ವರಕ್ಕೆ ಹೊರಟಾಗ ಗಾಡಿಯ ಹಿಂದಿನ ಆಸನದಲ್ಲಿ ಆರು ಕೌದಿಗಳಿದ್ದವು. ಬೀಗತಿಯವರು ಬದುಕಿದ್ದಾಗ ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿದವು.

ಕೌದಿಗಳನ್ನು ಹೊಸ ಗೋಡೆಗೆ ತೂಗಹಾಕುವುದೆಂದೊಡನೆ ಮಗಳು ಒಪ್ಪಲಿಲ್ಲ. “ಮಂದಿ ಏನಂದಾರು ಅಪ್ಪಾ? ಹಾಸಿಗಿ ಒಣಹಾಕ್ಯಾರಂತ ನಗ್ತಾರ” ಎಂದಳು. ನಗರದ ಅಂಗಡಿಯಲ್ಲಿ ಮುಳ್ಳುಮುಳ್ಳಾದ ಸ್ಪಂಜಿನ ಹಲಗೆಗಳು ಸಿಕ್ಕುತ್ತವೆ, ಅವನ್ನು ಅಂಟಿಸೋಣವೆಂದು ಅಳಿಯಂದಿರು ಸೂಚಿಸಿದರು. ನಮ್ಮ ಅಭಿಪ್ರಾಯದಲ್ಲಿ ಅದು ಹಣದ ಹಾಳು. ತೆಳ್ಳನೆಯ ಸ್ಪಂಜು ಸ, ಶ, ತ ಮುಂತಾದ ಮೊನಚಾದ ಸದ್ದುಗಳನ್ನಷ್ಟೇ ನುಂಗಿ ದಪ್ಪ ಗುಂಯ್‌ಗುಟ್ಟುವಿಕೆಯನ್ನು ಹಾಗೆಯೇ ಬಿಡುತ್ತದೆ. ಬೆಂಕಿ ತಗುಲಿದರೆ ಅದರ ಹೊಗೆ ಬಲು ವಿಷದ್ದು. ಮೊಟ್ಟೆಯ ಅಟ್ಟೆಗಳನ್ನು ಅಂಟಿಸಿಕೊಳ್ಳುವವರನ್ನೂ ನೋಡಿದ್ದೇವೆ. ಅದರಿಂದ ಗೋಡೆ ಕುರೂಪವಾಗುವುದೊಂದೇ ನಿಶ್ಚಯವಾದ ಫಲ.

ಮಗಳಿಗೆ ನಾವು ಒಂದು ಕತೆ ಹೇಳಿದೆವು. 1895 ರಲ್ಲಿ ಅಮೇರಿಕೆಯ ಹಾರ್ವರ್ಡ್ ವಿದ್ಯಾಪೀಠದವರು ಫಾಗ್ ಕಲಾಭವನದಲ್ಲಿ ಹೊಸದಾಗಿ ಒಂದು ವ್ಯಾಖ್ಯಾನಮಂದಿರವನ್ನು ಕಟ್ಟಿಸಿದ್ದರು. ಬಹು ಚೆಲುವಾದ ಮಂದಿರ; ಆದರೆ ಅದರಲ್ಲಿ ಉಪಾಧ್ಯಾಯರ ಒಂದು ಮಾತೂ ತಿಳಿಯದು. ವ್ಯಾಲೇಸ್ ಸಾಬಿನ್ ಎಂಬ ತರುಣ ಅಧ್ಯಾಪಕನಿಗೆ ಅದನ್ನು ಸರಿಪಡಿಸುವ ಕೆಲಸ ಬಿತ್ತು. ಬೀದಿಯ ಗದ್ದಲ ಅಡಗಿದ ನಡುರಾತ್ರಿಯಲ್ಲಿ ಅವನು ಒಂದು ಆರ್ಗನ್ನಿನ ಕೊಳವೆಯನ್ನು ಊದಿಸಿ, ಸದ್ದು ಸಾಯುವ ಹೊತ್ತನ್ನು ಗಡಿಯಾರದಿಂದ ಅಳೆದನು: ಐದೂವರೆ ಸೆಕೆಂದು. ಬಳಿಕ ಹತ್ತಿರದ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ಹೊತ್ತು ತರಿಸಿ, ಸ್ವಲ್ಪಸ್ವಲ್ಪವಾಗಿ ಹರಡುತ್ತ, ಪ್ರತಿಸಲವೂ ಅಳೆಯುತ್ತ ಹೋದನು. ಮೆತ್ತೆ ಹೆಚ್ಚಿದಂತೆ ಸದ್ದಿನ ಆಯುಸ್ಸು ಇಳಿಯಿತು. ಕೊನೆಗೆ ಒಂದು ಸೆಕೆಂದಿನ ಆಸುಪಾಸಿಗೆ ಬಂದಿತು. ಬೆಳಗಾಗುವ ಮೊದಲು ಮೆತ್ತೆಗಳನ್ನೆಲ್ಲ ಮತ್ತೆ ಅವುಗಳ ಸ್ಥಾನಕ್ಕೆ ಸೇರಿಸಬೇಕಾಗುತ್ತಿತ್ತು. ಈ ಮೆತ್ತೆಗಳಿಂದ ಹೊರಟ ಸೂತ್ರದ ಮೇಲೆಯೇ 1900 ರಲ್ಲಿ ಬೋಸ್ಟನ್ನಿನ ಪ್ರಸಿದ್ಧ ಸಂಗೀತಮಂದಿರವು ಎದ್ದಿತು. ಮೆತ್ತೆ ಹೊತ್ತವನಿಗಿಲ್ಲದ ನಾಚಿಕೆ ಕೌದಿ ಹೊರುವ ನಮಗೇಕೆಂದು ಕೇಳಿದೆವು. ಮಗಳು ನಕ್ಕಳು, ಆದರೆ ಮೇಲೊಂದು ಬಟ್ಟೆ ಹೊದಿಸಲೇಬೇಕೆಂಬ ಕರಾರು ಹಾಕಿದಳು.

ಲೆಕ್ಕದ ಬೇಸರವುಳ್ಳವರು ಈ ಪರಿಚ್ಛೇದವನ್ನು ದಾಟಿಹೋಗಬಹುದು. ಸಾಬಿನ್ನನ ಸೂತ್ರವು ಸರಳವಾದುದು. ಕೋಣೆಯ ಘನ ಅಡಿಗಳನ್ನು 0.049 ರಿಂದ ಗುಣಿಸಿ, ಅಲ್ಲಿರುವ ಹೀರಿಕೆಯ ಚದರಡಿಗಳಿಂದ ಭಾಗಿಸಿದರೆ ಸದ್ದು ಸಾಯುವ ಸೆಕೆಂದುಗಳು ಬರುತ್ತವೆ. ಅಳಿಯಂದಿರ ಕೋಣೆಯು 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಒಟ್ಟು 1920 ಘನ ಅಡಿ. ಗುಣಿಸಿದರೆ 94. ಗೋಡೆ, ನೆಲ, ಛತ್ತು ಕೂಡಿ 944 ಚದರಡಿ. ಗಚ್ಚು, ಟೈಲ್ಸುಗಳಂಥವು ನುಂಗುವುದು ನೂರರಲ್ಲಿ ಮೂರು ಪಾಲೆಂದು ಹಿಡಿದರೆ 28. ಕುಳಿತ ಒಬ್ಬಿಬ್ಬರು, ಬಾಗಿಲು, ಪೀಠ ಎಂದು ಹತ್ತು ಸೇರಿಸಿದರೆ 38. ಭಾಗಿಸಿದಾಗ ಎರಡೂವರೆ ಸೆಕೆಂದು ಬಂತು. ಅಷ್ಟು ಚಿಕ್ಕ ಕೋಣೆಗೆ ಇದು ಅತಿಯಾಯಿತು. ಮಾತು ಕೇಳಲು ಅರ್ಧದಿಂದ ಮುಕ್ಕಾಲು ಸೆಕೆಂದು ಸಾಕು. ಏಳಡಿ ಉದ್ದ ಐದಡಿ ಅಗಲದ ನಾಲ್ಕು ಕೌದಿಗಳೆಂದರೆ 140 ಚದರಡಿ. ಅವು ಅರ್ಧ ಪಾಲು ನುಂಗಿದರೂ 70. ಜಮಖಾನೆ, ಗಾದಿ, ಲೋಡುಗಳಿಂದ ಇನ್ನೊಂದು 30. ಈಗ 138 ಆಯಿತು. 94 ನ್ನು ಭಾಗಿಸಿದರೆ ಮುಕ್ಕಾಲಕ್ಕಿಂತ ತುಸು ಕಡಿಮೆ. ಇದು ಅಂದಾಜಿನ ಲೆಕ್ಕವೇ ಹೊರತು ತಕ್ಕಡಿಯ ತೂಕವಲ್ಲ.

ಕೆಲಸಕ್ಕೆ ಎರಡು ದಿನ ಹಿಡಿಯಿತು. ಬಡಿಗನಿಂದ ಮೂರಂಗುಲ ಆಳದ ನಾಲ್ಕು ಕಟ್ಟಿಗೆಯ ಚೌಕಟ್ಟು ಮಾಡಿಸಿ, ಕೌದಿಯನ್ನು ಅದರ ಮುಂಭಾಗಕ್ಕೆ ಬಿಗಿದೆವು. ಕೌದಿಗೂ ಗೋಡೆಗೂ ನಡುವೆ ಹೀಗೆ ಗಾಳಿಯಿದ್ದರೆ ದಪ್ಪ ಸದ್ದುಗಳೂ ಸ್ವಲ್ಪ ಸಿಕ್ಕಿಬೀಳುತ್ತವೆ. ಗೋಡೆಗೇ ಅಂಟಿಸಿದರೆ ಆ ಲಾಭವಿಲ್ಲ. ಮಗಳು ಮೊದಲು ಹೊದಿಕೆಗೆ ರೆಕ್ಸಿನ್ನು ತಂದಿದ್ದಳು. ಅದು ಸದ್ದನ್ನು ಒಳಗೆ ಬಿಡುವುದೇ ಇಲ್ಲ. ಬಾಯಿಂದ ಊದಿದರೆ ಉಸಿರು ಆಚೆ ಹಾಯುವಂಥ ಬಟ್ಟೆಯೇ ಬೇಕು. ಕೊನೆಗೆ ಅವಳದೇ ಒಂದು ತೆಳ್ಳನೆಯ ನೂಲಿನ ಸೀರೆಯನ್ನು ಕತ್ತರಿಸಿದಳು. ತೂಗುಹಾಕುವ ಸ್ಥಳವನ್ನು ಗೊತ್ತುಮಾಡಿದವನು ಮೊಮ್ಮಗ. ಬೀಗರು ತಮ್ಮ ಗಾದಿಯ ಮೇಲೆ ಕುಳಿತರು; ಹುಡುಗನು ಪಕ್ಕದ ಗೋಡೆಗೆ ಕನ್ನಡಿಯನ್ನು ಒತ್ತಿ ಹಿಡಿದು ಸರಿಸುತ್ತ ಹೋದನು. ಎಲ್ಲಿ ಕನ್ನಡಿಯೊಳಗೆ ಸ್ಪೀಕರು ಕಂಡಿತೋ ಅಲ್ಲಿಯೇ ಸದ್ದು ಮೊದಲು ಬಡಿದು ಕಿವಿಗೆ ಹಾರುವುದು. ಎಡಬಲದ ಆ ಎರಡು ಜಾಗಗಳಿಗೆ ಎರಡು ಚೌಕಟ್ಟು, ತಲೆಯ ಹಿಂದಿನ ಗೋಡೆಗೆ ಎರಡು. ಉಳಿದೆರಡು ಕೌದಿಗಳು ಗಾಜಿನ ಕಿಟಕಿಗೆ ಪರದೆಯಾದವು. ನಾಲ್ಕೂ ಗೋಡೆಗಳನ್ನು ಪೂರ್ತಿ ಮುಚ್ಚಬಾರದು. ಮುಚ್ಚಿದರೆ ಕೋಣೆ ಉಸಿರುಗಟ್ಟಿದಂತಾಗಿ ಗಾಯನವು ಸಪ್ಪೆಯಾಗುತ್ತದೆ. ವಿದ್ಯುತ್ತಿನ ಗುಂಡಿಗಳ ಬಳಿಯಲ್ಲಿ ಬಟ್ಟೆ ಬಾರದಂತೆಯೂ ನೋಡಿಕೊಂಡೆವು.

ಇನ್ನೊಂದು ಬದಲಾವಣೆಗೆ ಕಾಸೂ ಬೀಳಲಿಲ್ಲ, ಫಲ ಮಾತ್ರ ದೊಡ್ಡದು. ಛತ್ತಿನ ಮೂಲೆಗಳಿಂದ ಎರಡು ಸ್ಪೀಕರುಗಳನ್ನು ಇಳಿಸಿ, ಕುಳಿತವರ ಕಿವಿಯ ಎತ್ತರಕ್ಕೆ, ನಾಲ್ಕೈದಡಿ ದೂರದಲ್ಲಿ ಮಣೆಗಳ ಮೇಲೆ ಇಟ್ಟೆವು. ಹತ್ತಿರದಿಂದ ಬರುವ ಮಾತು ಗೋಡೆಯ ಗದ್ದಲಕ್ಕಿಂತ ಮೊದಲು ಹಾಗೂ ಬಲವಾಗಿ ತಲಪುತ್ತದೆ. ಉಳಿದೆರಡನ್ನು ತೆಗೆದುಬಿಟ್ಟೆವು. ಅಳಿಯಂದಿರಿಗೆ ಸ್ವಲ್ಪ ನೋವಾಯಿತು. ನಾಲ್ಕಕ್ಕೂ ಹಣ ತೆತ್ತಿದ್ದರಲ್ಲ. ಇದರಿಂದ ನೆರೆಮನೆಗೆ ಸದ್ದು ಹೋಗುವುದು ನಿಲ್ಲುತ್ತದೆಯೇ ಎಂದೂ ಕೇಳಿದರು. ನಿಲ್ಲುವುದಿಲ್ಲ. ಕೋಣೆಯೊಳಗಿನ ಗದ್ದಲವನ್ನು ಅಡಗಿಸುವುದು ಬೇರೆ, ಸದ್ದು ಗೋಡೆ ದಾಟದಂತೆ ತಡೆಯುವುದು ಬೇರೆ. ಎರಡನೆಯದಕ್ಕೆ ಭಾರವಾದ ಗೋಡೆ, ಸಂದಿಲ್ಲದ ಬಾಗಿಲು ಬೇಕು.

ಎರಡನೆಯ ದಿನ ಸಂಜೆ ಹುಡುಗನು ಕೋಣೆಯ ನಡುವೆ ನಿಂತು ಕೈತಟ್ಟಿದನು. ಮೊದಲು ತಟ್ಟಿದಾಗ ತಂತಿ ಮೀಟಿದಂಥ ಒಂದು ಝಣ್ಣೆಂಬ ಸದ್ದು ಗೋಡೆಗಳ ನಡುವೆ ಓಡಾಡಿತ್ತು. ಈಗ ಬರಿಯ ಚಪ್ಪಾಳೆ. ಪ್ರವಚನ ಹಚ್ಚಿದೆವು. ಬೀಗರು ಕಣ್ಣು ಮುಚ್ಚಿಕೊಂಡು ಕುಳಿತರು. ಅಳಿಯಂದಿರು ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರಲಿಲ್ಲ. ಮಗಳು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಬೀಗರು ಕೈಯೆತ್ತಿ, “ತಮ್ಮಾ, ಸಣ್ಣ ಮಾಡೋ ಸ್ವಲ್ಪ. ಇಷ್ಟ್ಯಾಕ ದೊಡ್ಡದು?” ಎಂದರು. ಅಳಿಯಂದಿರು ಒಳಗೆ ಬಂದು ಸದ್ದನ್ನು ಇಳಿಸಿ, ತಂದೆಯ ಪಕ್ಕದಲ್ಲಿಯೇ ಕುಳಿತರು. ರೊಟ್ಟಿಯ ಸದ್ದು ಮತ್ತೆ ಕೇಳಿಸತೊಡಗಿತು.

ದೋಷವೆಲ್ಲ ಹೋಯಿತೆಂದು ಹೇಳಲಾರೆವು. ತಬಲಾದ ಎಡಗೈ ಬಾರಿಸುವಾಗ ಕೋಣೆಯ ಒಂದು ಮೂಲೆಯಲ್ಲಿ ಗುಂಯ್‌ಗುಡುವುದು ಉಳಿದಿದೆ; ಅಂಥ ದಪ್ಪ ಸದ್ದಿಗೆ ಕೌದಿ ಸಾಲದು, ಮೂಲೆಯಲ್ಲಿ ಒಂದಡಿ ದಪ್ಪದ ಹತ್ತಿಯ ಮೂಟೆಯಂಥದು ಬೇಕಾದೀತು. ಆದರೆ ಪ್ರವಚನಕ್ಕೆ ಅದರ ಬಾಧೆಯಿಲ್ಲ. ತಲೆಯ ಹಿಂದಿನ ಒಂದು ಚೌಕಟ್ಟಿನ ಮೇಲಿನ ಸೀರೆಯನ್ನು ಬೀಗರು ಮರುದಿನವೇ ಬಿಚ್ಚಿಸಿದರು. ಹೊಲಿಗೆ ಕಾಣಲಿ ಎಂದರು. ಮಗಳು ಏನೂ ಅನ್ನಲಿಲ್ಲ. ಈಗ ಅವರು ವಾರದಲ್ಲಿ ಐದು ದಿನ ಬಬಲೇಶ್ವರದಲ್ಲಿ ಇರುತ್ತಾರೆ, ಎರಡು ದಿನ ಟಿಕೋಟಾಕ್ಕೆ ಹೋಗಿಬರುತ್ತಾರೆ. ಎಮ್ಮೆಯ ನೆವ ಹೇಳುತ್ತಾರೆ. ಮೊಮ್ಮಗನು ಕನ್ನಡಿಯನ್ನು ಇನ್ನೂ ಮರಳಿ ಕೊಟ್ಟಿಲ್ಲವೆಂದು ಮಗಳು ಮೊನ್ನೆ ಫೋನಿನಲ್ಲಿ ಹೇಳಿದಳು. ಶಾಲೆಯ ಕೋಣೆಯನ್ನು ಅಳೆಯಬೇಕಂತೆ.